ದಪ್ಪ ಲೈನು, ಸಣ್ಣ ಲೈನು

೧೪ ಜುಲೈ ೧೯೯೯, ಬುಧವಾರ
ಅಕ್ಕಲಕೋಟ

ಯೋಗಿ ಮುಂಬೈಗೆ ಹೋಗುವುದು ನಿಂತಿತು! ಪೂರ್ತಿ ನಿಂತಿಲ್ಲ, ಆಷಾಢ ಮುಗಿಯುವವರೆಗೆ ಮುಂದಕ್ಕೆ ಹೋಗಿದೆ ಅಷ್ಟೆ. ಆದರೂ ನಿಂತಿತು ಎಂದೇ ಬರೆಯುತ್ತೇನೆ, ಬರೆಯುವುದಕ್ಕೇ ಎಷ್ಟು ಹಿತವಾಗಿದೆ! ಬಂಡೆಪ್ಪನ ಎಸ್‌ಟಿಡಿ ಬೂತಿನ ಗಾಜಿನ ಡಬ್ಬಿಯೊಳಗೆ ರಿಸೀವರ್ ಹಿಡಿದುಕೊಂಡೇ ಕುಣಿದುಬಿಟ್ಟೆ. ಹೊರಗೆ ಬಂದಾಗ ಬಂಡೆಪ್ಪ ಬಿಲ್ಲು ಹರಿಯುತ್ತ ಕೇಳಿದ, "ಯಾಕವಾ ತಂಗಿ, ಲಾಟರಿ ಹತ್ಯದೇನು?"

"ಅದಕ್ಕಿಂತ ದೊಡ್ಡದ್ರಿ ಅಣ್ಣಾ."

"ಹಂಗಾರ ಗಂಡಂದೇ ಫೋನು," ಎಂದು ಚಿಲ್ಲರೆ ಕೊಟ್ಟ.

ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ಮುದುಕಿಯಾದ ಮೇಲೆ ಓದಿದಾಗ ನನಗೇ ಅರ್ಥವಾಗುವುದಿಲ್ಲ. ನನ್ನ ಮದುವೆಯಾದದ್ದು ಮೇ ಮೊದಲ ವಾರ, ಅಧಿಕ ಮಾಸ ಬರುವ ಮುಂಚೆ. ಗಂಡ ಯೋಗಿರಾಜ (ಯೋಗಿ! ನನ್ನ ಯೋಗಿ!). ಸೊಲ್ಲಾಪುರದಲ್ಲಿ ಅವರದು ಟಾವೆಲ್ ವ್ಯಾಪಾರ. ಮಾವ ಸಾತಲಿಂಗಪ್ಪನವರು ಮೂವತ್ತು ವರ್ಷ ನೂಲು ಮಾರಿ, ಆಮೇಲೆ ಮಗ್ಗ ಹಾಕಿ, ಈಗ ಜರ್ಮನಿಯ ಹ್ಯಾಂಬರ್ಗ್‌ಗೆ ಟಾವೆಲ್ ಕಳಿಸುತ್ತಾರೆ. ಅಲ್ಲಿನ ಗಿರಾಕಿ ಡಿಸೈನಿನ ಚಿತ್ರಗಳನ್ನು ಇಂಟರ್‌ನೆಟ್‌ನಲ್ಲಿ ಕಳಿಸುತ್ತಾನೆ, ಉತ್ತರ ಅದೇ ದಿನ ಬೇಕು ಎನ್ನುತ್ತಾನೆ. ಇಂಟರ್‌ನೆಟ್ ಇರುವುದು ಮುಂಬೈ ಏಜೆಂಟನ ಬಳಿ. ಅವನು ಮೂರು ದಿನ ತಡಮಾಡುತ್ತಾನೆ, ಮೇಲೆ ಕಮಿಷನ್ ಬೇರೆ. ಹೀಗಾಗಿ ಮಾವನವರ ನಿರ್ಣಯ: ಮಗ ಮುಂಬೈಯಲ್ಲಿ ಒಂದು ಖೋಲಿ ಹಿಡಿದು ಎರಡು ಮೂರು ವರ್ಷ ಅಲ್ಲೇ ಕೂರಲಿ, ಸೊಸೆ ಸೊಲ್ಲಾಪುರದಲ್ಲಿ ಇರಲಿ.

ಎರಡು ಮೂರು ವರ್ಷ! ನಾನು ಮದುವೆಯಾದದ್ದು ಯೋಗಿಯನ್ನೋ, ಸೊಲ್ಲಾಪುರವನ್ನೋ?

ಈಗ ಯೋಗಿ ಧೈರ್ಯಮಾಡಿ ಒಂದು ಮಾತು ಹೇಳಿದ್ದಾನೆ. ದಿನವಿಡೀ ನಮ್ಮೊಬ್ಬರಿಗೇ ಮೀಸಲಾದ ಇಂಟರ್‌ನೆಟ್ ಲೈನನ್ನು ಸೊಲ್ಲಾಪುರಕ್ಕೇ ತರಬಹುದು, ಕಂಪನಿಗಳು ಈಗ ಕೊಡುತ್ತಿವೆ. ಮಾವನವರು, "ರೇಟ ತಗೊಂಡ ಬಾ. ಮುಂಬೈ ಖರ್ಚಿಗಿಂತ ಕಡಿಮಿ ಬಿದ್ರ ಶ್ರಾವಣದಾಗ ನೋಡೂಣು," ಎಂದರಂತೆ. ಕಂಪನಿಗಳ ಕಾಗದವೆಲ್ಲ ಇಂಗ್ಲಿಷಿನಲ್ಲಿ. ಅವನ್ನು ಓದಿ, ತೂಗಿ, ಯಾವುದು ಅಗ್ಗ ಎಂದು ಹೇಳುವ ಕೆಲಸ ಯಾರದು? ನನ್ನದು! ಕಾನ್ವೆಂಟಿನ ಸಿಸ್ಟರುಗಳಿಗೆ ಸಾವಿರ ನಮಸ್ಕಾರ.

೧೬ ಜುಲೈ, ಶುಕ್ರವಾರ

ಯೋಗಿ ಕಾಗದಗಳನ್ನು ಎಸ್‌ಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದ್ದಾನೆ. ಲಕೋಟೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಹೃದಯ. ಕಂಡಕ್ಟರ್ ನೋಡಿರಬಹುದೇ? ನೋಡಿದರೆ ನೋಡಲಿ.

ನಾನಿಲ್ಲಿ ತವರಿನಲ್ಲಿರುವುದು ಆಷಾಢದ ಸಲುವಾಗಿ. ಹೊಸ ಸೊಸೆ, ಅತ್ತೆ ಈ ತಿಂಗಳು ಒಬ್ಬರ ಮುಖ ಒಬ್ಬರು ನೋಡಬಾರದು, ಒಂದೇ ಹೊಸ್ತಿಲು ದಾಟಬಾರದು. ನಿಜ ಹೇಳಬೇಕೆಂದರೆ ಅತ್ತೆಯ ಮಟ್ಟಿಗೆ ಈ ಶಾಸ್ತ್ರ ಮಾಡಿದವರಿಗೆ ನಾನು ಋಣಿ. ಕಸ್ತೂರಬಾಯಿ ಸಾಹೇಬರು ಎಂದರೆ ನನಗೆ ಹೆಡ್‌ಮಿಸ್ಟ್ರೆಸ್ ನೆನಪಾಗುತ್ತಾರೆ. ಮದುವೆಯಾಗಿ ಬಂದ ವಾರವೇ ನಾನು ಬಡಿದ ರೊಟ್ಟಿಯನ್ನು ಎತ್ತಿ ಹಿಡಿದು, "ಇದು ರೊಟ್ಟಿನೋ, ಮಹಾರಾಷ್ಟ್ರದ ನಕಾಶಿನೋ?" ಎಂದಿದ್ದರು. ಎಲ್ಲರೂ ನಕ್ಕರು. ಯೋಗಿಯೂ!

ಈ ಡೈರಿ ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ತಂಗಿ ಸುರಭಿ. ಮರಾಠಿ ಓದುತ್ತಾಳೆ, ಇಂಗ್ಲಿಷ್ ಓದುತ್ತಾಳೆ, ಕನ್ನಡ ಬರೀ ಮಾತಾಡುತ್ತಾಳೆ. ನನಗೆ ಅಜ್ಜಿ ರಜೆಯಲ್ಲಿ ಪಾಟಿಯ ಮೇಲೆ ಕಲಿಸಿದ್ದಳು. ಈ ಮನೆಯಲ್ಲಿ ಕನ್ನಡವೇ ನನ್ನ ಬೀಗ.

೨೦ ಜುಲೈ, ಮಂಗಳವಾರ

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕಾಲಮ್ಮಿನ ಗೆರೆ ಎಳೆದು ತೂಗುತ್ತಿದ್ದೇನೆ. ಮುಂಬೈಯ ಖೋಲಿ, ಊಟ, ಓಡಾಟ, ಏಜೆಂಟನ ಆಫೀಸಿನಲ್ಲಿ ಒಂದು ಮೇಜಿನ ಬಾಡಿಗೆ, ಎಲ್ಲ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ. ಅದಕ್ಕಿಂತ ಕೆಳಗೆ ಬರಬೇಕು.

ಸರ್ಕಾರದ ಲೈನು ನಾಲ್ಕು ಲಕ್ಷ ದಾಟುತ್ತದೆ, ದೂರ ಹೆಚ್ಚಿದಂತೆ ದರವೂ ಹೆಚ್ಚು. ಅದು ಹೋಯಿತು. ಪುಣೆಯ ಪ್ರಗತಿನೆಟ್ ಎಂಬ ಕಂಪನಿ ಒಂದೂವರೆ ಲಕ್ಷ ಎಂದಿದೆ! ನಿನ್ನೆ ಓದಿದಾಗ ಕಾಗದಕ್ಕೆ ಮುತ್ತುಕೊಟ್ಟೆ. ಇವತ್ತು ಮತ್ತೆ ಓದಿದಾಗ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು ಕಂಡಿತು. ಬೂತಿಗೆ ಓಡಿ ಪುಣೆಗೆ ಫೋನು ಮಾಡಿದೆ. ಅಲ್ಲಿನ ಮ್ಯಾಡಮ್ ಜೇನಿನಂಥ ದನಿಯಲ್ಲಿ ಹೇಳಿದಳು, ಈ ದರ ಪುಣೆಯ ನಮ್ಮ ಬಾಗಿಲಿನದು, ಸೊಲ್ಲಾಪುರದಿಂದ ಪುಣೆಯವರೆಗಿನ ತಂತಿ ನಿಮ್ಮದು. ಎಂದರೆ ಊಟ ಅಗ್ಗ, ಅನ್ನ ಮಾತ್ರ ಮನೆಯಿಂದ ತರಬೇಕು!

ಮೂರನೆಯದು ಸೊಲ್ಲಾಪುರದ್ದೇ, ಹೊಸದಾಗಿ ತೆರೆದ ಭೀಮಾ ಇನ್ಫೋಲೈನ್. ಅವರ ಆಫೀಸು ಚಾಟಿ ಗಲ್ಲಿಯ ಮಾವನವರ ಅಂಗಡಿಯಿಂದ ನಡೆದುಹೋಗುವಷ್ಟು ಹತ್ತಿರ, ಆದ್ದರಿಂದ ದೂರದ ದರವೇ ಇಲ್ಲ. ಅರವತ್ನಾಲ್ಕು ಎಂಬ ವೇಗದ ಲೈನಿಗೆ ಎಲ್ಲ ಸೇರಿ ಎರಡು ಲಕ್ಷ ಹತ್ತು ಸಾವಿರ. ಈ ತಿಂಗಳೊಳಗೆ ಸೇರಿದವರಿಗೆ ಅದೇ ದರದಲ್ಲಿ ನೂರಿಪ್ಪತ್ತೆಂಟು, ಎಂದರೆ ಎರಡು ಪಟ್ಟು ವೇಗ. ಗೆದ್ದೆ! ಸುರಭಿಯನ್ನು ಎತ್ತಿ ತಿರುಗಿಸಿದೆ. ಅವಳು, "ಅಗ್ ಸೋಡ್ ನಾ, ವೇಡಿ!" ಬಿಡೇ ಹುಚ್ಚಿ, ಎಂದು ಮರಾಠಿಯಲ್ಲಿ ಕಿರುಚಿದಳು.

೨೪ ಜುಲೈ, ಶನಿವಾರ

ಇಂದು ಫೋನು ಎತ್ತಿದವರು ಯೋಗಿ ಅಲ್ಲ. "ಯಾರು?" ಎಂಬ ದನಿ ಕೇಳುತ್ತಲೇ ರಿಸೀವರ್ ಇಟ್ಟುಬಿಡುವವಳಿದ್ದೆ.

"ನಾ... ದೀಪಾಲಿರಿ. ಅತ್ತಿ, ಆಷಾಢರಿ, ನಾ ಇಡ್ತೀನ್ರಿ."

"ನಿಂದರು. ಮಾರಿ ನೋಡಬಾರದಂತ ಅದ. ದನಿ ಕೇಳಬಾರದಂತ ಯಾವ ಶಾಸ್ತ್ರದಾಗ ಬರದಾರ? ಉಂಡ್ಯಾ?"

ಉಂಡೆ ಎಂದೆ. ಏನು ಉಂಡೆ ಎಂದು ಕೇಳಿದರು. ಯೋಗಿ ಮಗ್ಗದ ಕಡೆ ಹೋಗಿದ್ದಾನಂತೆ. ಲೈನಿನ ವಿಷಯ ಎಲ್ಲಿಗೆ ಬಂತು ಎಂದು ಕೇಳಿದರು. ಭೀಮಾದ ದರ ಹೇಳಿದೆ. ಎಲ್ಲ ಕೇಳಿ ಕೊನೆಗೆ, "ಹೆಂಗರ ಮಾಡಿ ಹೊಂದಿಸವಾ. ಅಂವಾ ಮುಂಬೈಗೆ ಹೋದ್ರ ಈ ಮನ್ಯಾಗ ನಗವ್ರು ಯಾರ ಇರಲ್ಲ," ಎಂದರು.

ಕಸ್ತೂರಬಾಯಿ ಸಾಹೇಬರಿಗೆ ನಗುವವರು ಬೇಕಂತೆ! ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

೨೮ ಜುಲೈ, ಬುಧವಾರ

ದರ ತೂಗಿದರೆ ಸಾಲದು, ನಮಗೆ ಎಷ್ಟು ಬೇಕು ಎಂದೂ ತಿಳಿಯಬೇಕಲ್ಲ? ಇದು ಅತ್ತೆಯ ಪ್ರಶ್ನೆ. "ದೊಡ್ಡ ಕೊಡ ಅಗ್ಗ ಸಿಕ್ತಂತ ತಂದ್ರ, ಹೊತ್ತಕೊಂಡ ಬರವ್ರ್ಯಾರು?" ಎಂದರು ನಿನ್ನೆ ಫೋನಿನಲ್ಲಿ. ಹೀಗಾಗಿ ಇವತ್ತು ನಾಗೇಶ ಸರ್ ಅವರ ಕಂಪ್ಯೂಟರ್ ಕ್ಲಾಸಿಗೆ ಹೋದೆ. ಅಕ್ಕಲಕೋಟದಲ್ಲಿ ಇಂಟರ್‌ನೆಟ್ ಇರುವುದು ಅಲ್ಲೊಂದೇ, ಅದೂ ಸಾದಾ ಫೋನಿನ ಮೇಲೆ. ಅದರ ವೇಗ ಮೂವತ್ತೆರಡರ ಆಸುಪಾಸು ಎಂದರು ಸರ್. ಯೋಗಿ ಕಳಿಸಿದ ಫ್ಲಾಪಿಯಲ್ಲಿ ಹ್ಯಾಂಬರ್ಗಿನ ಒಂದು ಡಿಸೈನು ಇತ್ತು, ನೀಲಿ ಅಂಚಿನ ಮೇಲೆ ಸೀಗಲ್ ಹಕ್ಕಿಗಳು. ಅದನ್ನು ಕಳಿಸಿ ನೋಡಿದೆವು.

ಅಬ್ಬಾ! ಚಹಾ ಬಂತು, ಕುಡಿದಾಯಿತು, ಹಕ್ಕಿಯ ಕೊಕ್ಕೂ ಹೋಗಿರಲಿಲ್ಲ. ಮುಕ್ಕಾಲು ಹೋದಾಗ ಲೈನು ಕಡಿಯಿತು, ಮತ್ತೆ ಮೊದಲಿನಿಂದ. ನಾಗೇಶ ಸರ್ ಲೆಕ್ಕ ಹಾಕಿ ಹೇಳಿದರು: ದಿನಕ್ಕೆ ನಾಲ್ಕೈದು ಡಿಸೈನು ಬರುವುದಾದರೆ ಮೂವತ್ತೆರಡು ಸಾಲದು, ಗಿರಾಕಿ ಕೈಬಿಡುತ್ತಾನೆ. ಅರವತ್ನಾಲ್ಕು ಸಾಕು. ನೂರಿಪ್ಪತ್ತೆಂಟು ಚೈನಿ.

ಬೂತಿನಿಂದ ಅತ್ತೆಗೆ ಹೇಳಿದೆ. ಸೀಗಲ್ ಎಂದರೆ ಏನು ಎಂದು ಕೇಳಿದರು. ಸಮುದ್ರದ ಕಾಗೆ ಎಂದೆ. "ಕಾಗಿ ಇದ್ದ ಟಾವೆಲ್ಲಿನಾಗ ಮಾರಿ ಒರಸ್ಕೋತಾರ? ಚಲೋ ಮಂದಿ," ಎಂದು ನಕ್ಕರು. ಅವರ ನಗು ಥೇಟ್ ಯೋಗಿಯ ನಗು! ಬಿಲ್ಲು ನೋಡಿ ಬಂಡೆಪ್ಪ, "ಇದೇನವಾ, ಗಂಡಗಿಂತ ಅತ್ತಿ ಬಿಲ್ಲೇ ದೊಡ್ಡದಾತಲ್ಲ!" ಎಂದ.

೧ ಆಗಸ್ಟ್, ಭಾನುವಾರ

ಎಲ್ಲ ಮುಗಿಯಿತು. ಮಾವನವರು ಭೀಮಾದವರನ್ನು ಬೇಡ ಎಂದು ಕಳಿಸಿಬಿಟ್ಟಿದ್ದಾರೆ. ಕಾರಣ ಹೇಳಲಿಲ್ಲ. "ಮಾಲು ಜಾಳ ಅದ" ಎಂದರಂತೆ ಅಷ್ಟೆ. ಇಪ್ಪತ್ತನೇ ತಾರೀಖಿನ, ಮುಂಬೈಗೆ ಹೋಗುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿಗೆ ಯೋಗಿಯ ಟಿಕೆಟು ತೆಗೆಸಿದ್ದಾರೆ.

ಒಂದೇ ಟಿಕೆಟು.

೫ ಆಗಸ್ಟ್, ಗುರುವಾರ

ಅಯ್ಯೋ ದೇವರೇ, ನಗಬೇಕೋ ಅಳಬೇಕೋ!

ಅತ್ತೆ ಕಾರಣ ಪತ್ತೆ ಮಾಡಿದ್ದಾರೆ. ಊಟಕ್ಕೆ ಬಡಿಸುತ್ತ ಮೆಲ್ಲಗೆ ಬಾಯಿ ಬಿಡಿಸಿದರಂತೆ. ಭೀಮಾದ ತುಷಾರ ಎಂಬ ಹುಡುಗ ಬಂದಾಗ ಮಾವನವರು ಮೊದಲು ಕೇಳಿದ್ದು "ಸ್ಯಾಂಪಲ್ ತೋರಸು." ಪಾಪ, ಅವನು ಬ್ಯಾಗಿನಿಂದ ಒಂದು ತುಂಡು ಕೇಬಲ್ ತೆಗೆದು ಕೊಟ್ಟ. ಮಾವನವರು ಅದನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸೆದು ನೋಡಿದರು. ಆಮೇಲೆ ಅವನು, ಅರವತ್ನಾಲ್ಕರ ದರಕ್ಕೇ ನೂರಿಪ್ಪತ್ತೆಂಟು ಕೊಡುತ್ತೇನೆ ಎಂದ. ಅಲ್ಲಿಗೆ ಕಥೆ ಮುಗಿಯಿತು!

ಯಾಕೆಂದರೆ ನೂಲಿನಲ್ಲಿ ನಂಬರು ಹೆಚ್ಚಾದಷ್ಟೂ ನೂಲು ಸಣ್ಣ. ಹತ್ತರ ನೂಲು ದಪ್ಪ, ನಲವತ್ತರದು ಸಪೂರ, ನೂರರದು ಕೂದಲಂತೆ. ಸಣ್ಣ ನೂಲಿಗೆ ದರ ಹೆಚ್ಚು. ಲೈನಿನಲ್ಲೂ ದೊಡ್ಡ ನಂಬರಿಗೇ ದರ ಹೆಚ್ಚು ಇರುವುದರಿಂದ ಮಾವನವರಿಗೆ ಒಮ್ಮೆಯೂ ಸಂಶಯ ಬಂದಿಲ್ಲ. "ಟಾವೆಲ್ಲಿನವಗ ಮಲಮಲ್ಲಿನ ನೂಲು ಗಂಟ ಹಾಕಾಕ ಬಂದಾನ. ಸಣ್ಣಂದು ಪುಕ್ಕಟ ಕೊಟ್ರೂ ಹರೀತದ. ಅರವತ್ನಾಕು ಕೊಡಂದ್ರ ನೂರಿಪ್ಪತ್ತೆಂಟರದೇ ಹೇಳ್ತಾನ, ಏನೋ ಮೋಸ ಅದ," ಎಂದರಂತೆ ಅತ್ತೆಯ ಮುಂದೆ.

"ಅತ್ತಿ, ಮಾವಗ ತಿಳಿಸಿ ಹೇಳ್ರಿ!" ಎಂದೆ.

"ಹುಚ್ಚಿ ಇದ್ದೀ. ಚಾಟಿ ಗಲ್ಲ್ಯಾಗ ಕಣ್ಣು ಮುಚ್ಚಿ ನೂಲು ಮುಟ್ಟಿ ನಂಬರ ಹೇಳು ಮನಷ್ಯಾ ಅಂವಾ. ನಿಮಗ ನಂಬರ್ ತಿಳೀಲಿಲ್ಲ ಅಂತ ಹೆಂಗ ಹೇಳೂದು? ಮತ್ತ ಹೇಳೂದು ಯಾಕ? ಅವರಿಗೆ ಅರವತ್ನಾಕು ಬೇಕು, ನಿನ್ನ ಲೆಕ್ಕಕ್ಕೂ ಅರವತ್ನಾಕು ಸಾಕು. ತುಷಾರಗ ಯೋಗಿ ಹೋಗಿ ಅಷ್ಟೇ ಕೇಳಲಿ. ನಾವಿಬ್ಬರು ಬಾಯಿ ಮುಚ್ಚೂಣು."

ನಾವಿಬ್ಬರು! ಎಂಥ ತಲೆ ಈ ಹೆಂಗಸಿನದು! ಇವರು ಕಾನ್ವೆಂಟಿಗೆ ಹೋಗಿದ್ದರೆ ಕಂಪನಿಗಳೇ ಇವರ ಮುಂದೆ ಸಾಲುಗಟ್ಟುತ್ತಿದ್ದವು.

೮ ಆಗಸ್ಟ್, ಭಾನುವಾರ

ಬೆಳಿಗ್ಗೆ ಬಟ್ಟೆ ಒಣಗಿಸುತ್ತಿದ್ದಾಗ ಬಾಗಿಲಲ್ಲಿ ಮಾವನವರು. ಸ್ವಾಮಿಗಳ ಗುಡಿಗೆ ಬಂದಿದ್ದರಂತೆ. ಅವ್ವ ಒಳಗೆ ಬನ್ನಿ ಎಂದರೂ, "ಆಷಾಢ ಅದ ರೇವಮ್ಮಾರ, ಕಟ್ಟಿನೇ ಚಲೋ, ಗಾಳಿ ಬರ್ತದ," ಎಂದು ಹೊರಗೇ ಕೂತರು. ಜೇಬಿನಿಂದ ಭೀಮಾದ ಕಾಗದ ತೆಗೆದರು.

"ಸೂನಬಾಯಿ," ಎಂದರು, ಸೊಸೆಯನ್ನು ಕರೆಯುವ ಅವರ ಮರಾಠಿ ಮಾತು ಅದು. "ಯೋಗಿ ಭಾಳ ಗಂಟ ಬಿದ್ದ, ಅರವತ್ನಾಕು ತರೂಣು ಅಂತ. ನಾನೂ ಹ್ಞೂಂ ಅಂದೆ. ಆಮ್ಯಾಲ ನಾನೇ ತುಷಾರನ ಕಡೆ ಹೋಗಿ, ಇದರ ಕೆಳಗಿನ ನಂಬರ ಅದೇನಪಾ ಅಂತ ಕೇಳಿದೆ. ಮೂವತ್ತೆರಡು ಅದ ಅಂದ. ರೇಟೂ ಕಡಿಮಿ! ನೋಡು, ಕೇಳದ ಇದ್ರ ಯಾರೂ ಹೇಳೂದಿಲ್ಲ." ಮಗುವಿನ ಹಾಗೆ ಸಂತೋಷಪಟ್ಟರು. "ದಪ್ಪಂದು, ಗಟ್ಟಿಂದು, ಮ್ಯಾಲ ಸೋವಿ. ಇಂಗ್ಲಿಷು ಒಮ್ಮಿ ಓದಿ ಹೇಳವಾ. ನಾಳಿ ಸಹಿ ಮಾಡಿ ವರ್ಷದ ರೊಕ್ಕ ಕಟ್ಟಿಬಿಡ್ತೀನಿ."

ಮೂವತ್ತೆರಡು! ನಾಗೇಶ ಸರ್ ಕ್ಲಾಸಿನ ಆ ಕೊಕ್ಕಿಲ್ಲದ ಹಕ್ಕಿ ಕಣ್ಣ ಮುಂದೆ ಬಂತು. ಸಹಿಯಾದರೆ ಎರಡು ತಿಂಗಳಲ್ಲಿ ಹ್ಯಾಂಬರ್ಗಿನವನು ಸಿಟ್ಟಾಗುತ್ತಾನೆ, ಲೈನೇ ಸುಳ್ಳು ಎಂದು ಮಾವನವರು ಕೈಮುಗಿಯುತ್ತಾರೆ, ಯೋಗಿ ಸಿದ್ಧೇಶ್ವರ ಹತ್ತುತ್ತಾನೆ. ಆಮೇಲೆ ಯಾರೂ ತಡೆಯಲಾರರು. ಬೂತಿಗೆ ಓಡಿ ಅತ್ತೆಯನ್ನು ಕೇಳೋಣವೆಂದರೆ ಮಾವನವರು ನನ್ನ ಮುಖವನ್ನೇ ನೋಡುತ್ತಿದ್ದಾರೆ. ಬಾಗಿಲ ಹಿಂದೆ ಅವ್ವ ಕಣ್ಣಲ್ಲೇ ಹೇಳಿದಳು: ಸುಮ್ಮನಿರು, ಮದುವೆಯಾಗಿ ಮೂರು ತಿಂಗಳಾಗಿದೆ.

ಮನೆಯ ಮುಂದಿನ ನಳ ಕಂಡಿತು. ಬಾಯಿ ತಾನಾಗಿಯೇ ತೆರೆಯಿತು.

"ಮಾವಾ, ನಮ್ಮ ನಳದ ಪೈಪು ಅರ್ಧ ಇಂಚಿಂದು. ಬಾಜೂ ಮನಿ ಮಲ್ಲಯ್ಯ ಕಾಕಾಂದು ಒಂದಿಂಚಿಂದು. ಯಾರ ಕೊಡ ಲಗೂ ತುಂಬತದ್ರಿ?"

"ಒಂದಿಂಚಿಂದು. ಅದನ್ನೇನ ಕೇಳ್ತಿ?"

"ಈ ಲೈನಿನವ್ರು ಎಣಸೂದು ಹಂಗ್ರಿ. ಪೈಪಿನ ಹಂಗ. ನೂಲಿನ ಹಂಗ ಅಲ್ರಿ."

ಮಾವನವರ ಹೆಬ್ಬೆರಳು, ತೋರುಬೆರಳು ಒಂದನ್ನೊಂದು ಹೊಸೆಯುತ್ತಿದ್ದವು, ನಡುವೆ ನೂಲೇ ಇಲ್ಲ. ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಾಯಿತು. ಕಾಗದ ಮಡಿಸಿ ಜೇಬಿಗೆ ಹಾಕಿ, "ಬಸ್ಸಿನ ಟೈಮಾತು," ಎಂದು ಎದ್ದು ಹೋದರು. ಚಹಾ ಹಾಗೇ ಉಳಿಯಿತು, ಮೇಲೆ ಕೆನೆ ಕಟ್ಟಿತು.

ಅವ್ವ ಕಪ್ಪು ಎತ್ತಿಕೊಂಡು, "ಇಂಗ್ಲಿಷ್ ಸಾಲಿಗೆ ಹಾಕಿದ್ದು ನಮ್ಮದೇ ತಪ್ಪು," ಎಂದಳು.

೯ ಆಗಸ್ಟ್

ಬರೆಯುವುದಕ್ಕೆ ಏನೂ ಇಲ್ಲ. ಬೂತಿಗೆ ಹೋಗಲಿಲ್ಲ.

೧೦ ಆಗಸ್ಟ್, ಮಂಗಳವಾರ

ಓಹ್, ಎಲ್ಲಿಂದ ಶುರುಮಾಡಲಿ! ಬಂಡೆಪ್ಪನೇ ಮನೆ ತನಕ ಬಂದು ಬಾಗಿಲಲ್ಲಿ ಕೂಗಿದ, "ತಂಗೀ, ನಿಮ್ಮತ್ತಿ ಲೈನ್ಯಾಗ ಇದ್ದಾರ, ಲಗೂ ಬಾ, ಬಿಲ್ಲು ಅವರದದ!" ಚಪ್ಪಲಿ ಇಲ್ಲದೆ ಓಡಿದೆ.

"ಏನವಾ ಏನ ಮಾಡಿದಿ ನಮ್ಮವರಿಗೆ?" ಎಂದರು ಅತ್ತೆ. ಆ ಕಡೆಯಿಂದ ನಗು ಉಕ್ಕಿ ಬಂತು. ಮಾವನವರು ಬಸ್ಸಿನಲ್ಲಿ ದಾರಿಯ ವಳಸಂಗದವರೆಗೆ ಕಲ್ಲಿನಂತೆ ಕೂತಿದ್ದರಂತೆ. ವಳಸಂಗದಲ್ಲಿ ಹಾಲಿನ ಕ್ಯಾನು ಹತ್ತಿಸುವಾಗ ಇದ್ದಕ್ಕಿದ್ದಂತೆ ನಗಲು ಶುರುಮಾಡಿ, ಕಂಡಕ್ಟರ್ "ಕಾಯ್ ಝಾಲಂ ಆಜೋಬಾ?", ಏನಾಯಿತು ಅಜ್ಜಾ, ಎಂದು ಕೇಳುವಷ್ಟು ನಕ್ಕರಂತೆ. ನಿನ್ನೆ ಅಂಗಡಿ ತೆರೆಯುವ ಮುಂಚೆ ನೇರ ತುಷಾರನ ಆಫೀಸಿಗೇ ಹೋಗಿದ್ದಾರೆ.

"ನೀ ಆವತ್ತೇ ಯಾಕ ಹೇಳಲಿಲ್ಲೋ?" ಎಂದು ಗದರಿಸಿದರೆ ಅವನು, "ಕಾಕಾ, ನೀವು ವೈರು ಹೊಸೆದು ಹೊಸೆದು ನೋಡಾಕತ್ತಿದ್ರಿ. ನಮಗ ಗೊತ್ತಿಲ್ಲದ್ದು ಏನೋ ಟೆಸ್ಟ್ ಅದ ಅಂತ ನಾ ಹೆದರಿ ಸುಮ್ಮಾದೆ," ಎಂದನಂತೆ!

ಅರವತ್ನಾಲ್ಕಕ್ಕೆ ಸಹಿ ಆಗಿದೆ. ಆಗಿದೆ, ಆಗಿದೆ, ಆಗಿದೆ! ನೂರಿಪ್ಪತ್ತೆಂಟರ ಸವಲತ್ತು ಕಳೆದ ತಿಂಗಳಿಗೇ ಮುಗಿದಿತ್ತು, ಹೋಗಲಿ, ನಮಗದು ಬೇಕಿರಲಿಲ್ಲ. ಸಿದ್ಧೇಶ್ವರದ ಟಿಕೆಟು ರದ್ದು. ಮಾವನವರು ತಮ್ಮ ಕಥೆಯನ್ನು ತಾವೇ ಚಾಟಿ ಗಲ್ಲಿಯ ತುಂಬ ಹೇಳಿಕೊಂಡು ಬಂದಿದ್ದಾರಂತೆ, ಆದರೆ ಕೊನೆಗೆ, "ಏನ ಅನ್ರಿ, ಮದಲಿಂದ ನಾ ಅರವತ್ನಾಕೇ ಅಂದಿದ್ದೆ!" ಎಂದು ಸೇರಿಸುತ್ತಾರಂತೆ.

"ನನ್ನ ಮ್ಯಾಲ ಸಿಟ್ಟಾಗ್ಯಾರೇನ್ರಿ?" ಎಂದೆ.

"ಸಿಟ್ಟು? ಮುಂಜಾನಿ ಚಹಾ ಕುಡಿಯೋ ಮುಂದ ಏನಂದ್ರು ಗೊತ್ತದೇನ? ನಮ್ಮ ಸೂನಬಾಯಿ ನೋಡಾಕ ಸಣ್ಣ ನೂಲು, ಜಗ್ಗಿದ್ರ ಹರಿಯಂಗಿಲ್ಲ ಅಂದ್ರು." ಆಮೇಲೆ, "ಬಾಯಿ ಮುಚ್ಚಂದ್ರ ನೀ ಮುಚ್ಚಲಿಲ್ಲ. ಚಲೋ ಮಾಡಿದಿ," ಎಂದರು.

ಬೂತಿನಲ್ಲೇ ಅತ್ತುಬಿಟ್ಟೆ. ಬಂಡೆಪ್ಪ ತನ್ನ ಟಾವೆಲ್ ಚಾಚಿದ. ಸೊಲ್ಲಾಪುರದ್ದು, ದಪ್ಪ ನೂಲಿನದು. ಕಣ್ಣೀರು ಎಷ್ಟು ಬೇಗ ಹೀರಿತು!

೧೬ ಆಗಸ್ಟ್, ಸೋಮವಾರ, ನಾಗರ ಪಂಚಮಿ

ಬೆಳಿಗ್ಗೆಯಿಂದ ಜೋಕಾಲಿ, ಎಳ್ಳುಂಡಿ, ಶೇಂಗಾದ ಉಂಡಿ. ಸುರಭಿ ನನ್ನನ್ನು ಎಷ್ಟು ಎತ್ತರ ಜೀಕಿದಳೆಂದರೆ ಮಲ್ಲಯ್ಯ ಕಾಕಾನ ಹೆಂಚು ಎಣಿಸಬಹುದಾಗಿತ್ತು. ಮಧ್ಯಾಹ್ನ ಅವ್ವ ನನ್ನ ಸೀರೆಗಳನ್ನು ಮಡಿಸುತ್ತ, "ಇನ್ನ ಎಂಟ ದಿನ ಇರವಾ, ಮದಲನೇ ಪಂಚಮಿ," ಎಂದಳು. ಇರಬಹುದಿತ್ತು. ಆದರೆ ಸೊಲ್ಲಾಪುರದಲ್ಲಿ ನಮ್ಮ ಮನೆಯಲ್ಲಿ ಕೆಲಸ ಎಷ್ಟಿದೆ ಎಂದೆ! ಅವ್ವ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಯಾಕೆ ನೋಡಿದಳೋ.

ಸಂಜೆ ಬೂತಿಗೆ ಹೋಗಿದ್ದೆ. ಶನಿವಾರ ಲೈನು ಜೋಡಿಸಿದರಂತೆ. ನೀಲಿ ಅಂಚಿನ ಹಕ್ಕಿಗಳು ಹ್ಯಾಂಬರ್ಗಿನಿಂದ ಕೊಕ್ಕು, ಬಾಲ ಸಮೇತ ಬಂದು ಇಳಿದವಂತೆ. ಮಾವನವರು ಪಕ್ಕದ ಅಂಗಡಿಯವರನ್ನೆಲ್ಲ ಕರೆದು ತೋರಿಸಿ, ಮಾನಿಟರಿಗೆ ಕುಂಕುಮ ಹಚ್ಚಿದರಂತೆ. ಕಿಟಕಿ ಪಕ್ಕ ಮೇಜು ಹಾಕಿ ಎರಡು ಕುರ್ಚಿ ಇಡಿಸಿದ್ದಾರೆ ಅತ್ತೆ. ಒಂದು ಯೋಗಿಗೆ, ಒಂದು ಇಂಗ್ಲಿಷ್ ಬರೆಯುವ ನನಗೆ. "ನಡುವ ಒಂದು ಕುಂಡ್ರೂ ಮಣಿ ಇಟ್ಟೀನಿ. ನಾ ಕುಂಡ್ರತೀನಿ. ಕಾಗಿ ಬಂದ್ರ ನೋಡಬೇಕಲಾ?" ಎಂದರು.

ರೊಟ್ಟಿ ಬಡಿಯಲು ಅವ್ವನ ಬಳಿ ದಿನಾ ಕಲಿಯುತ್ತಿದ್ದೇನೆ ಎಂದೆ. ಈಗ ಯಾವ ರಾಜ್ಯದ ನಕಾಶೆ ಬರುತ್ತದೆ ಎಂದು ಕೇಳಿದರು! ಇಬ್ಬರೂ ನಗುತ್ತ ನಗುತ್ತ ಇದ್ದಂತೆ ಫೋನಿನ ಮೀಟರು ಎಲ್ಲಿಗೋ ಹೋಗಿತ್ತು. ಆಷಾಢ ಮುಗಿದಿದೆ, ಇನ್ನು ಮುಖ ನೋಡಬಹುದು, ಸ್ಟೇಷನ್ನಿಗೆ ತಾವೇ ಬರುವುದಾಗಿ ಹೇಳಿದ್ದಾರೆ.

ಅರ್ಧ ದಾರಿ ಬಂದ ಮೇಲೆ ನೆನಪಾಯಿತು, ಯೋಗಿಗೆ ಫೋನು ಕೊಡಿ ಎನ್ನಲೇ ಇಲ್ಲ! ಇರಲಿ, ನಾನು ಬರುವುದನ್ನು ಅವನಿಗೆ ಅತ್ತೆ ಹೇಳುತ್ತಾರೆ: ಬುಧವಾರ, ವಾಡಿ–ಸೊಲ್ಲಾಪುರ ಪ್ಯಾಸೆಂಜರ್.